ಮಳೆಗೆ ಮುಂಚಿನ ಬ್ಯಾಂಕಾಕ್: ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

"ಇದು ಅರಮನೆನೋ, ಇಟ್ಟಿಗೆ ಗೂಡೋ?" ಅಂತ ಅಮ್ಮ ಕೇಳಿದಾಗ ಮಧ್ಯಾಹ್ನ ಹನ್ನೆರಡೂವರೆ. ಬ್ಯಾಂಕಾಕಿನ ಗ್ರ್ಯಾಂಡ್ ಪ್ಯಾಲೇಸ್ ಅಂಗಳದ ನಡುವೆ ನಿಂತಿದ್ದೆವು. ಮೇಲೆ ಬಿಸಿಲು, ಕೆಳಗೆ ಕಾದ ಕಲ್ಲು, ಸುತ್ತ ಕಣ್ಣು ಕುಕ್ಕುವ ಚಿನ್ನದ ಬಣ್ಣ. ಐದು ನಿಮಿಷದಲ್ಲಿ ಅಮ್ಮ ಒಂದು ಕಂಬದ ನೆರಳಲ್ಲಿ ಕೂತರು, ಮತ್ತೆ ಏಳಲಿಲ್ಲ. ಟಿಕೆಟ್ಟಿನ ದುಡ್ಡು ಹೋಯ್ತು, ಅರ್ಧ ಅರಮನೆಯೂ ನೋಡಲಿಲ್ಲ.

ಎರಡು ವರ್ಷ ಬಿಟ್ಟು ಅದೇ ಅಮ್ಮನನ್ನು ಅದೇ ಏಪ್ರಿಲ್ ಕೊನೆಯ ವಾರದಲ್ಲಿ ಮತ್ತೆ ಕರ್ಕೊಂಡು ಹೋದೆ. ಬಿಸಿಲು ಅಷ್ಟೇ ಇತ್ತು. ನಾನು ಬದಲಾಯಿಸಿದ್ದು ಗಡಿಯಾರ ಮಾತ್ರ. ಈ ಸಲ ಅವರು "ಇನ್ನೆರಡು ದಿನ ಇರೋಣ" ಅಂದರು. ಎರಡನೇ ಸಲ ಏನೇನು ಮಾಡಿದೆ ಅನ್ನೋದನ್ನೇ ಇಲ್ಲಿ ಬರೆದಿದ್ದೇನೆ.

1. ಮೊದಲು ಸೂರ್ಯನ ಲೆಕ್ಕ

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬ್ಯಾಂಕಾಕ್ 13 ಮುಕ್ಕಾಲು. ಅಂದರೆ ಎರಡೂ ಊರಿಗೆ ಹೆಚ್ಚೂಕಡಿಮೆ ಒಂದೇ ಸೂರ್ಯ. ಏಪ್ರಿಲ್ 24ರ ಹೊತ್ತಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಅಂತ ಮಕ್ಕಳು ಬಾಟಲಿ ನಿಲ್ಲಿಸಿ ನೋಡ್ತಾರಲ್ಲ, ಅದೇ ಸೂರ್ಯ ಎರಡು ಮೂರು ದಿನ ಬಿಟ್ಟು ಬ್ಯಾಂಕಾಕಿನ ನೆತ್ತಿಯ ಮೇಲೆ ಬರುತ್ತಾನೆ.

ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಬ್ಯಾಂಕಾಕ್ ಇರುವುದು ಒಂದೆರಡು ಮೀಟರ್ ಎತ್ತರದಲ್ಲಿ, ನದಿ ತಂದು ಹಾಕಿದ ಕೆಸರು ಮಣ್ಣಿನ ಮೇಲೆ. ಪಕ್ಕದಲ್ಲೇ ಸಮುದ್ರ. ಹಗಲಿನ ಉಷ್ಣಾಂಶ 35–36 ಡಿಗ್ರಿ ಅಂತ ಫೋನು ತೋರಿಸಿದರೂ ತೇವ ಸೇರಿ ಮೈಗೆ 40 ದಾಟಿದ ಹಾಗೇ ಅನ್ನಿಸುತ್ತದೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ಮಂಗಳೂರು, ಕಾರವಾರದ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬೆಂಗಳೂರು, ಮೈಸೂರಿನವರು "ನಾವೂ ಬಿಸಿಲು ನೋಡಿದ್ದೀವಿ" ಅನ್ನುವ ಧೈರ್ಯ ಮಾಡಬೇಡಿ.

ಹಾಗಾದರೆ ಈ ಕಾಲದಲ್ಲಿ ಯಾಕೆ ಹೋಗಬೇಕು? ಡಿಸೆಂಬರ್, ಜನವರಿಯ ನೂಕುನುಗ್ಗಲು ಇರುವುದಿಲ್ಲ. ಚಳಿಗಾಲದ ತಿಂಗಳುಗಳಲ್ಲಿ ಊರ ಮೇಲೆ ಕೂರುವ ಹೊಗೆ ಹಗುರಾಗಿರುತ್ತದೆ. ಹೋಟೆಲ್ ಬಾಡಿಗೆ ಇಳಿದಿರುತ್ತದೆ. ಮಕ್ಕಳಿಗೂ ರಜೆ. ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ದೊಡ್ಡ ಕಾರಣ ಹಣ್ಣು. ಅದಕ್ಕೆ ಆಮೇಲೆ ಬರ್ತೀನಿ.

2. ದಿನಾಂಕ ಗೊತ್ತುಮಾಡುವುದು

ಏಪ್ರಿಲ್ 13ರಿಂದ 15 ಸೊಂಗ್‌ಕ್ರಾನ್, ಥಾಯ್ ಹೊಸ ವರ್ಷ. ನಮ್ಮ ಸೌರಮಾನ ಯುಗಾದಿಯ ಹೊತ್ತಿಗೇ ಬರುತ್ತದೆ, ಹೆಸರು ಕೂಡ 'ಸಂಕ್ರಾಂತಿ'ಯಿಂದಲೇ ಬಂದದ್ದು. ಬೀದಿ ತುಂಬ ನೀರೆರಚಾಟ. ಅದು ಬೇಕು ಅಂದರೆ ಅದಕ್ಕೇ ಹೋಗಿ. ಬೇಡ ಅಂದರೆ 20ನೇ ತಾರೀಖಿನ ನಂತರ ಹೊರಡಿ. ಥಾಯ್ಲೆಂಡಿನ ಹವಾಮಾನ ಇಲಾಖೆ ಸಾಮಾನ್ಯವಾಗಿ ಮೇ ಮಧ್ಯದ ಸುಮಾರಿಗೆ ಮಳೆಗಾಲ ಶುರುವಾಯ್ತು ಎಂದು ಸಾರುತ್ತದೆ. ಹಾಗಾಗಿ ಏಪ್ರಿಲ್ ಕೊನೆಯ ವಾರದಿಂದ ಮೇ ಎರಡನೇ ವಾರದವರೆಗೆ ನಿಮ್ಮ ಕಾಲ. ಐದು ರಾತ್ರಿ ಸಾಕು.

ಮೇ ತಿಂಗಳಲ್ಲಿ ಎರಡು ದಿನ ಗಮನದಲ್ಲಿರಲಿ. ಒಂದು ವಿಶಾಖ ಪೂಜೆ, ನಮ್ಮ ಬುದ್ಧ ಪೂರ್ಣಿಮೆಯ ಹಾಗೇ, ಆದರೆ ಕೆಲವು ವರ್ಷ ದಿನ ಬೇರೆ ಬರುತ್ತದೆ. ಸಂಜೆ ದೇವಾಲಯಗಳಲ್ಲಿ ಜನ ದೀಪ, ತಾವರೆ ಹಿಡಿದು ಪ್ರದಕ್ಷಿಣೆ ಹಾಕುತ್ತಾರೆ, ಚೆನ್ನಾಗಿರುತ್ತದೆ. ಇನ್ನೊಂದು ರಾಜಮನೆತನದ ಉಳುಮೆ ಪೂಜೆ. ಅರಮನೆ ಎದುರಿನ ಸನಾಮ್ ಲುವಾಂಗ್ ಮೈದಾನದಲ್ಲಿ ಎರಡು ಎತ್ತು ಕಟ್ಟಿ ನೇಗಿಲು ಹೊಡೆಯುತ್ತಾರೆ. ಆಮೇಲೆ ಎತ್ತುಗಳ ಮುಂದೆ ಭತ್ತ, ಜೋಳ, ಎಳ್ಳು, ಕಾಳು, ಹುಲ್ಲು, ನೀರು, ಹೆಂಡ ಇಡುತ್ತಾರೆ. ಎತ್ತು ಯಾವುದಕ್ಕೆ ಬಾಯಿ ಹಾಕಿತೋ ಅದರ ಮೇಲೆ ಆ ವರ್ಷದ ಮಳೆ ಬೆಳೆಯ ಭವಿಷ್ಯ. ಮುಗಿದ ಮೇಲೆ ಚೆಲ್ಲಿದ ಭತ್ತ ಆರಿಸಲು ಜನ ಮೈದಾನಕ್ಕೆ ನುಗ್ಗುತ್ತಾರೆ, ತಮ್ಮ ಬಿತ್ತನೆಗೆ ಬೆರೆಸಿಕೊಳ್ಳಲು. ಯುಗಾದಿಯಲ್ಲಿ ಹೊನ್ನಾರು ಕಟ್ಟುವ ನಮ್ಮ ಹಳೇ ಮೈಸೂರಿನ ಊರುಗಳವರಿಗೆ ಇದು ಪರದೇಶದ ಆಚರಣೆ ಅಂತ ಅನ್ನಿಸುವುದೇ ಇಲ್ಲ. ದಿನಾಂಕ ಪ್ರತಿ ವರ್ಷ ಬೇರೆ. ಅಂಥ ದಿನಗಳಲ್ಲಿ ಅರಮನೆಯ ಬಾಗಿಲು ಮುಚ್ಚಿರಬಹುದು, ಅವರ ವೆಬ್‌ಸೈಟ್ ನೋಡಿಕೊಂಡೇ ಹೊರಡಿ.

3. ಕಾಗದಪತ್ರ, ದುಡ್ಡು

ಭಾರತೀಯರಿಗೆ ವೀಸಾ ನಿಯಮ ಈಚೆಗೆ ಪದೇ ಪದೇ ಬದಲಾಗಿದೆ. ಟಿಕೆಟ್ ಮಾಡುವ ದಿನ ಥಾಯ್ ರಾಯಭಾರ ಕಚೇರಿಯ ಪುಟ ನೋಡಿ, ಹೊರಡುವ ವಾರ ಇನ್ನೊಮ್ಮೆ ನೋಡಿ. 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯವಾಗಿದೆ. ಅಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಅದಕ್ಕೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳುವ ಸೈಟು ಕಂಡರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ.

ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ. ಎಟಿಎಮ್ಮಿನಲ್ಲಿ ಹೊರದೇಶದ ಕಾರ್ಡ್ ಹಾಕಿದರೆ ಪ್ರತಿ ಸಲ 200 ಬಾತ್‌ಗೂ ಜಾಸ್ತಿ ಶುಲ್ಕ ಮುರಿಯುತ್ತಾರೆ. ಸ್ವಲ್ಪ ಸ್ವಲ್ಪ ತೆಗೆಯುವ ಅಭ್ಯಾಸ ಬಿಟ್ಟು ಒಂದೇ ಸಲ ತೆಗೆಯಿರಿ. ನಗದು ತಗೊಂಡು ಹೋಗ್ತೀರಾ? ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಲಗೇಜ್ ಹತ್ತಿರದ ಕೌಂಟರಿನಲ್ಲಿ ಬದಲಾಯಿಸಬೇಡಿ. ನೆಲಮಾಳಿಗೆಗೆ ಇಳಿಯಿರಿ. ರೈಲು ಹತ್ತುವ ಜಾಗದ ಪಕ್ಕ ಸಾಲಾಗಿ ಅಂಗಡಿಗಳಿವೆ, ಅಲ್ಲಿ ದರ ಚೆನ್ನಾಗಿರುತ್ತದೆ.

4. ಬ್ಯಾಗಿಗೆ ಏನು ಹಾಕಬೇಕು

ಜೀನ್ಸ್ ಮನೆಯಲ್ಲಿರಲಿ. ತೆಳು ಹತ್ತಿಯ, ಮೊಣಕಾಲು ಮುಚ್ಚುವ ಪ್ಯಾಂಟು. ತೋಳಿರುವ ಅಂಗಿ. ದೇವಾಲಯಗಳಲ್ಲಿ ಚಡ್ಡಿ, ತೋಳಿಲ್ಲದ ಬಟ್ಟೆ ಬಿಡುವುದಿಲ್ಲ. ಚಪ್ಪಲಿ ಸುಲಭವಾಗಿ ಕಳಚುವಂತಿರಬೇಕು, ಒದ್ದೆ ಟೈಲ್ಸಿನ ಮೇಲೆ ಜಾರಬಾರದು. ಮಡಚುವ ಛತ್ರಿ ಬೆಳಗ್ಗೆ ಬಿಸಿಲಿಗೆ, ಸಂಜೆ ಮಳೆಗೆ. ಒಂದು ತೆಳು ಶಾಲು ಕೂಡ ಬೇಕು, ಯಾಕಂದರೆ ಮಾಲ್, ರೈಲುಗಳ ಎಸಿ ಮೂಳೆ ಕೊರೆಯುತ್ತದೆ. ಹೊರಗೆ ಬೇಯುವುದು, ಒಳಗೆ ನಡುಗುವುದು, ಹೀಗೆ ನಾಲ್ಕು ಸಲ ಆದರೆ ನೆಗಡಿ ಗ್ಯಾರಂಟಿ.

ಓಆರ್‌ಎಸ್ ಪುಡಿ ಹತ್ತು ಪೊಟ್ಟಣ. ಸೊಳ್ಳೆಗೆ ಹಚ್ಚುವ ಕ್ರೀಮು ಮರೆಯಬೇಡಿ, ಡೆಂಗಿ ಅಲ್ಲೂ ಇದೆ. ಉಳಿದದ್ದೆಲ್ಲ ಮೂಲೆ ಮೂಲೆಯ ಸೆವೆನ್ ಇಲೆವೆನ್ ಅಂಗಡಿಯಲ್ಲಿ ಸಿಗುತ್ತದೆ. ಅಲ್ಲಿ ಒಂದು ಡಬ್ಬಿ ಕೂಲಿಂಗ್ ಪೌಡರ್ ತಗೊಳ್ಳಿ. ಸ್ನಾನ ಮಾಡಿ ಕುತ್ತಿಗೆ, ಬೆನ್ನಿಗೆ ಹಾಕಿಕೊಂಡರೆ ಮೈಮೇಲೆ ಪುದೀನ ಬೆಳೆದ ಹಾಗೆ ಇರುತ್ತದೆ. ಅಮ್ಮ ವಾಪಸ್ ಬರುವಾಗ ಆರು ಡಬ್ಬಿ ತಂದರು.

ಇ-ಸಿಗರೇಟು ಅಲ್ಲಿ ನಿಷಿದ್ಧ. ತಮಾಷೆಗೂ ಒಯ್ಯಬೇಡಿ.

5. ಎಲ್ಲಿ ಉಳಿಯುವುದು

ಈ ಕಾಲದಲ್ಲಿ ರೂಮು ಆರಿಸಲು ಒಂದೇ ನಿಯಮ: ಬಿಟಿಎಸ್ ಅಥವಾ ಎಂಆರ್‌ಟಿ ರೈಲು ನಿಲ್ದಾಣಕ್ಕೆ ಐದು ನಿಮಿಷದ ನಡಿಗೆ. ಹತ್ತು ನಿಮಿಷ ಅಂದರೆ ಆಗಲೇ ಜಾಸ್ತಿ. ಬಿಟಿಎಸ್ ಮೇಲ್ಸೇತುವೆಯ ಮೇಲೆ ಓಡುತ್ತದೆ, ರಸ್ತೆಯಲ್ಲಿ ನೀರು ನಿಂತರೂ ನಿಮ್ಮನ್ನು ಮುಟ್ಟಿಸುತ್ತದೆ. ಸಿಲೋಮ್, ಸಿಯಾಮ್, ಸುಖುಮ್‌ವಿತ್‌ನ ಅಸೋಕ್ ಸುತ್ತಮುತ್ತ ನೋಡಿ. ಹಳೇ ಊರಿನ ಒಳಗೆ ಇರಬೇಕು ಅಂದರೆ ಸನಾಮ್ ಚೈ ಅಥವಾ ಸಾಮ್ ಯೋತ್ ನಿಲ್ದಾಣದ ಹತ್ತಿರ ಹುಡುಕಿ. ಈಜುಕೊಳ ಇರುವ ಹೋಟೆಲ್ ಸಿಕ್ಕರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಹಾಕಿ.

6. ಇಳಿದ ದಿನ

ಬೆಂಗಳೂರಿಂದ ನೇರ ವಿಮಾನದಲ್ಲಿ ನಾಲ್ಕು ಗಂಟೆ ಹಿಡಿಯುವುದಿಲ್ಲ. ಗಡಿಯಾರ ಒಂದೂವರೆ ಗಂಟೆ ಮುಂದೆ ಮಾಡಿಕೊಳ್ಳಿ. ಸುವರ್ಣಭೂಮಿಯಿಂದ ಏರ್‌ಪೋರ್ಟ್ ರೈಲಿನಲ್ಲಿ ಫಯಾ ಥಾಯ್‌ವರೆಗೆ ಅರ್ಧ ಗಂಟೆಯೊಳಗೆ ಮುಟ್ಟಬಹುದು, ಟಿಕೆಟ್ 45 ಬಾತ್. ಅಲ್ಲೇ ಬಿಟಿಎಸ್ ಸಿಗುತ್ತದೆ. ವಯಸ್ಸಾದವರಿದ್ದರೆ ಮೀಟರ್ ಟ್ಯಾಕ್ಸಿ. ಮೀಟರಿನ ಮೇಲೆ 50 ಬಾತ್ ನಿಲ್ದಾಣದ ಶುಲ್ಕ, ಟೋಲ್ ಬೇರೆ. ಇದು ಮೋಸ ಅಲ್ಲ, ಅಲ್ಲಿಯ ಪದ್ಧತಿ.

ರಾತ್ರಿ ವಿಮಾನ ಹತ್ತಿ ಬೆಳಗ್ಗೆ ಇಳಿದವರು ಅದೇ ಹುಮ್ಮಸ್ಸಿನಲ್ಲಿ ಊರು ನೋಡಲು ಹೊರಡುತ್ತಾರೆ. ನಾವು ಮಾಡಿದ್ದೂ ಅದೇ ತಪ್ಪು. ಮೊದಲ ಹಗಲು ಏನೂ ಮಾಡಬೇಡಿ. ಮಲಗಿ, ನೀರು ಕುಡಿಯಿರಿ, ಸಂಜೆ ಐದರ ನಂತರ ಹೊರಬನ್ನಿ. ನಲ್ಲಿ ನೀರು ಮಾತ್ರ ಬೇಡ, ಬಾಟಲಿ ನೀರು ಕುಡಿಯಿರಿ.

7. ದಿನವನ್ನು ಮೂರು ತುಂಡು ಮಾಡಿ

ಇಡೀ ಪ್ರವಾಸ ನಿಂತಿರುವುದೇ ಇದರ ಮೇಲೆ. ಬೆಳಗ್ಗೆ ಆರರಿಂದ ಹತ್ತೂವರೆ ಹೊರಗೆ. ಹತ್ತೂವರೆಯಿಂದ ನಾಲ್ಕೂವರೆ ಸೂರಿನಡಿ. ನಾಲ್ಕೂವರೆಯಿಂದ ರಾತ್ರಿಯವರೆಗೆ ಮತ್ತೆ ಹೊರಗೆ. ಅಲ್ಲಿ ಈ ದಿನಗಳಲ್ಲಿ ಆರಕ್ಕೆ ಮುಂಚೆಯೇ ಬೆಳಕಾಗುತ್ತದೆ, ಸಂಜೆ ಆರೂವರೆಗೆ ಸೂರ್ಯ ಮುಳುಗುತ್ತಾನೆ.

ಬೆಳಗ್ಗೆ. ಒಂದು ದಿನ ಲುಂಫಿನಿ ಪಾರ್ಕಿಗೆ ಹೋಗಿ. ಕೆರೆ ದಂಡೆಯಲ್ಲಿ ಆಳುದ್ದದ ಉಡಗಳು ನಾಯಿ ಓಡಾಡಿದ ಹಾಗೆ ಓಡಾಡುತ್ತವೆ. ಯಾರಿಗೂ ಏನೂ ಅನ್ನುವುದಿಲ್ಲ, ನೀವೂ ಹತ್ತಿರ ಹೋಗಬೇಡಿ. ಎಂಟು ಗಂಟೆಗೆ ಮೈಕಿನಲ್ಲಿ ರಾಷ್ಟ್ರಗೀತೆ ಬರುತ್ತದೆ. ಓಡುತ್ತಿದ್ದವರೂ ನಿಂತಲ್ಲೇ ನಿಲ್ಲುತ್ತಾರೆ. ನೀವೂ ನಿಲ್ಲಿ. ಸಂಜೆ ಆರಕ್ಕೂ ಹೀಗೇ, ರೈಲು ನಿಲ್ದಾಣದಲ್ಲೂ.

ಇನ್ನೊಂದು ಬೆಳಗ್ಗೆ ಅರಮನೆಗೆ. ಎಂಟೂವರೆಗೆ ಬಾಗಿಲು ತೆಗೆಯುತ್ತಾರೆ, ನೀವು ಎಂಟು ಕಾಲಿಗೇ ಅಲ್ಲಿರಬೇಕು. ವಿದೇಶಿಯರಿಗೆ ಟಿಕೆಟ್ 500 ಬಾತ್. ಒಳಗೆ ಹೋದ ತಕ್ಷಣ ಎಲ್ಲರೂ ಚಿನ್ನದ ಗೋಪುರಗಳ ಮುಂದೆ ಫೋಟೋ ತೆಗೆಯುತ್ತಾ ನಿಲ್ಲುತ್ತಾರೆ. ನೀವು ಸೀದಾ ಪಚ್ಚೆ ಬುದ್ಧನ ಗುಡಿಗೆ ಹೋಗಿ. ಮೂರ್ತಿ ಚಿಕ್ಕದು, 66 ಸೆಂಟಿಮೀಟರ್ ಎತ್ತರ, ಹಸಿರು ಕಲ್ಲು. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಅಂತ ಮೂರು ಉಡುಗೆ ಇದೆ, ಬದಲಾಯಿಸುವುದು ಸ್ವತಃ ರಾಜ. ನೀವು ಹೋಗುವ ಹೊತ್ತಿಗೆ ಬುದ್ಧ ಇನ್ನೂ ಬೇಸಿಗೆ ಉಡುಗೆಯಲ್ಲೇ ಇರುತ್ತಾನೆ. ನಮ್ಮಷ್ಟೇ ಸೆಕೆ ಅವನಿಗೂ ಇರಬೇಕು.

ಆಮೇಲೆ ಪ್ರಾಕಾರದ ಪಡಸಾಲೆಗೆ ಬನ್ನಿ. ಮೊದಲ ಸಲ ನಾವು ಇದನ್ನೇ ತಪ್ಪಿಸಿಕೊಂಡಿದ್ದು. ಗುಡಿಯ ಸುತ್ತ ಸೂರಿರುವ ಉದ್ದನೆ ಮೊಗಸಾಲೆ, ಗೋಡೆ ತುಂಬ ರಾಮಾಯಣ, 178 ಚಿತ್ರ. ಅವರು ರಾಮಕಿಯೆನ್ ಅನ್ನುತ್ತಾರೆ. ಕಥೆ ಉತ್ತರ ದಿಕ್ಕಿನಲ್ಲಿ ಶುರುವಾಗಿ ಸುತ್ತು ಬರುತ್ತದೆ. ಹೊರಗೆ ಬೆಂಕಿ, ಇಲ್ಲಿ ನೆರಳು. ಒಂದು ಗಂಟೆ ಆರಾಮಾಗಿ ಕಳೆಯಬಹುದು.

ಅಮ್ಮ ಕನ್ನಡಕ ಏರಿಸಿ ಒಂದೊಂದೇ ಚಿತ್ರ ಓದುತ್ತಾ ಹೋದರು. ಬಿಳಿ ಮೈಯ ಹನುಮಂತ ಬೆಟ್ಟದಷ್ಟು ಬೆಳೆದು ರಾಮನ ಬಿಡಾರವನ್ನು ಬಾಯೊಳಗಿಟ್ಟು ಕಾಯುತ್ತಾನೆ. ಹಸಿರು ಮುಖದ ರಾವಣನಿಗೆ ತೋತ್ಸಕನ್ ಅಂತ ಹೆಸರು. ದಶಕಂಠ ಅನ್ನೋದೇ ಥಾಯ್ ಬಾಯಲ್ಲಿ ಹಾಗಾಗಿದೆ. ಈ ಕಥೆಯಲ್ಲಿ ಸೀತೆ ರಾವಣನ ಮಗಳು. ರಾವಣ ಸೀನಿದಾಗ ಸೀತೆ ಹುಟ್ಟಿದಳು ಅಂತ ನಮ್ಮ ಜನಪದರೂ ಹಾಡುತ್ತಾರಲ್ಲ, ಹಾಗಾಗಿ ಅಮ್ಮನಿಗೆ ಅದು ಹೊಸದಾಗಿ ಕಾಣಲಿಲ್ಲ. ಆದರೆ ಹನುಮಂತ ಬ್ರಹ್ಮಚಾರಿ ಅಲ್ಲ, ರಾವಣನ ಇನ್ನೊಬ್ಬ ಮಗಳಾದ ಮತ್ಸ್ಯಕನ್ಯೆಯನ್ನು ಪ್ರೀತಿಸಿ ಅವರಿಗೆ ಮಗನೂ ಆಗುತ್ತಾನೆ ಅಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇರಲಿ ಬಿಡು, ಪಾಪ" ಅಂದರು.

ಒಂದು ಎಚ್ಚರಿಕೆ. ಅರಮನೆ ಹತ್ತಿರ ಇಸ್ತ್ರಿ ಅಂಗಿ ಹಾಕಿದವನೊಬ್ಬ ಬಂದು "ಇವತ್ತು ಮುಚ್ಚಿದೆ, ಪೂಜೆ ನಡೀತಿದೆ, ಟುಕ್‌ಟುಕ್‌ನಲ್ಲಿ 40 ಬಾತ್‌ಗೆ ಬೇರೆ ಗುಡಿ ತೋರಿಸ್ತೀನಿ" ಅನ್ನುತ್ತಾನೆ. ಮೊದಲ ಸಲ ನಾವು ಹತ್ತಿದೆವು. ಎರಡು ಗುಡಿ ಆದ ಮೇಲೆ ಗಾಡಿ ನಿಂತದ್ದು ಹರಳಿನ ಅಂಗಡಿ ಮುಂದೆ, ಆಮೇಲೆ ಸೂಟ್ ಹೊಲಿಯುವವನ ಮುಂದೆ. ಬೆಳಗಿನ ತಂಪು ಹೊತ್ತೆಲ್ಲ ಅಲ್ಲೇ ಹೋಯ್ತು. ಅರಮನೆಗೆ ಹನ್ನೆರಡಕ್ಕೆ ಮುಟ್ಟಿದ್ದು ಅದಕ್ಕೇ. ಮುಚ್ಚಿದೆಯೋ ಇಲ್ಲವೋ ಅನ್ನೋದನ್ನು ಬಾಗಿಲಲ್ಲಿರುವ ಕಾವಲುಗಾರರ ಹತ್ತಿರ ಮಾತ್ರ ಕೇಳಿ. ಜಗಳ ಬಿದ್ದರೆ ಪ್ರವಾಸಿ ಪೊಲೀಸ್ ನಂಬರ್ 1155.

ಮಧ್ಯಾಹ್ನ. ಸೋಲೊಪ್ಪಿಕೊಳ್ಳಿ. ಅಂಗಡಿಯವರೂ ನೆರಳಲ್ಲಿ ತೂಕಡಿಸುತ್ತಿರುತ್ತಾರೆ. ಹೋಟೆಲಿಗೆ ಹೋಗಿ ಮಲಗುವುದು ಉತ್ತಮ. ಆಗುವುದಿಲ್ಲ ಅನ್ನುವವರಿಗೆ ರೇಷ್ಮೆ ವ್ಯಾಪಾರಿ ಜಿಮ್ ಥಾಂಪ್ಸನ್ ಅವರ ತೇಗದ ಮನೆ ಇದೆ, ನ್ಯಾಷನಲ್ ಸ್ಟೇಡಿಯಂ ನಿಲ್ದಾಣದ ಹತ್ತಿರ. ಅದೇ ನಿಲ್ದಾಣದ ಪಕ್ಕದಲ್ಲೇ ಕಲಾ ಕೇಂದ್ರ, ಪ್ರವೇಶ ಉಚಿತ, ಸೋಮವಾರ ರಜೆ. ಮಾಲ್‌ಗಳ ಬಗ್ಗೆ ಬರೆಯುವುದಿಲ್ಲ, ಅವು ತಾವೇ ನಿಮ್ಮನ್ನು ಹುಡುಕಿಕೊಂಡು ಬರುತ್ತವೆ.

ಸಂಜೆ. ನದಿಗೆ ಹೋಗಿ. ಚಾವ್ ಫ್ರಯಾ ನದಿಯಲ್ಲಿ ಕಿತ್ತಳೆ ಬಾವುಟದ ದೋಣಿ ಊರ ಬಸ್ಸಿನ ಹಾಗೆ ಓಡುತ್ತದೆ, 20 ಬಾತ್ ಒಳಗೇ ಟಿಕೆಟ್. ಅದೇ ದಡದಲ್ಲಿ ಪ್ರವಾಸಿಗರಿಗೆ ಅಂತ ದುಬಾರಿ ದೋಣಿಯ ಟಿಕೆಟನ್ನೂ ಮಾರುತ್ತಾರೆ, ಬಾವುಟ ನೋಡಿ ಹತ್ತಿ. ವಾಟ್ ಅಂದರೆ ಗುಡಿ; ದಡದ ವಾಟ್ ಫೋ ಸಂಜೆ ಏಳರವರೆಗೂ ತೆರೆದಿರುತ್ತದೆ. 46 ಮೀಟರ್ ಉದ್ದದ ಮಲಗಿರುವ ಬುದ್ಧನನ್ನು ಐದು ಗಂಟೆಗೆ ನೋಡಿ, ಅಲ್ಲೇ ಕಾಲು ಒತ್ತಿಸಿಕೊಳ್ಳಿ. ಮಾಲಿಶಿನ ಶಾಲೆ ಗುಡಿಯ ಒಳಗೇ ಇದೆ. ಹೊರಬಂದರೆ ಥಾ ತಿಯೆನ್ ದೋಣಿಕಟ್ಟೆ, ಎದುರು ದಡದಲ್ಲಿ ವಾಟ್ ಅರುಣ್. ಹೆಸರು ಅರುಣನದ್ದಾದರೂ ಈ ದಡದಿಂದ ನೋಡುವವರಿಗೆ ಸೂರ್ಯ ಅದರ ಹಿಂದೆ ಮುಳುಗುತ್ತಾನೆ. ಹತ್ತಲೇಬೇಕು ಅಂದರೆ ಐದಾರು ಬಾತ್ ಕೊಟ್ಟು ದಾಟಿ, ಆದರೆ ಆರಕ್ಕೆ ಮುಚ್ಚುತ್ತಾರೆ.

8. ಊಟ, ಆಮೇಲೆ ಹಣ್ಣು

ಸಸ್ಯಾಹಾರಿಗಳು ಎರಡು ಮಾತು ಕಲಿಯಿರಿ. ಒಂದು 'ಜೇ'. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದೇ. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಡಿ ಅಡುಗೆಗಿಂತ ಒಂದು ಕೈ ಮೇಲೆ. ಇನ್ನೊಂದು 'ಮಂಗ್‌ಸವಿರತ್'. 'ಮಾಂಸ ವಿರತಿ' ಅಂತ ನೆನಪಿಟ್ಟುಕೊಳ್ಳಿ, ಮರೆಯುವುದಿಲ್ಲ. ಬರೀ "ಚಿಕನ್ ಬೇಡ" ಅಂದರೆ ಸಾಲದು. ಮೀನಿನ ಸಾರದ ನಾಮ್ ಪ್ಲಾ ಅವರ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿದೆ. "ಮೈ ಸೈ ನಾಮ್ ಪ್ಲಾ", ಅಂದರೆ ನಾಮ್ ಪ್ಲಾ ಹಾಕಬೇಡಿ, ಅಂತ ಬಿಡಿಸಿ ಹೇಳಿ. ಪರಂಗಿಕಾಯಿಯ ಸೋಮ್ ತಾಮ್‌ಗೆ ಒಣಸೀಗಡಿಯನ್ನೂ ಕುಟ್ಟಿ ಹಾಕುತ್ತಾರೆ, ಕಣ್ಣೆದುರೇ ಮಾಡಿಸಿ. ಚಪಾತಿ, ದಾಲ್ ನೆನಪಾದರೆ ಫಾಹುರತ್ ಅನ್ನುವ ಪೇಟೆ ಇದೆ. ಬಟ್ಟೆ ಅಂಗಡಿಗಳ ನಡುವೆ ಗುರುದ್ವಾರ, ಸುತ್ತ ನಮ್ಮವರ ಹೋಟೆಲುಗಳು. ಸಿಲೋಮ್‌ನಲ್ಲಿ ಮಾರಿಯಮ್ಮನ ಗುಡಿಯೂ ಇದೆ. ಅಲ್ಲಿ ಥಾಯ್ ಹುಡುಗಿಯರು ಚೆಂಡುಹೂವಿನ ಹಾರ ಹಿಡಿದು ನಮಗಿಂತ ಭಕ್ತಿಯಿಂದ ನಿಂತಿರುತ್ತಾರೆ.

ಏಪ್ರಿಲ್‌ನ ಒಂದು ತಿಂಡಿ ಖಾವ್ ಚೇ. ಮಲ್ಲಿಗೆ ಹಾಕಿದ ತಣ್ಣೀರಿನಲ್ಲಿ ತೇಲುವ ಅನ್ನ. ಜೊತೆಗೆ ಬರುವ ಪಲ್ಯಗಳಲ್ಲಿ ಮೀನು, ಮಾಂಸ ಇರುತ್ತದೆ, ಹಾಗಾಗಿ ಅನ್ನ ಮಾತ್ರ ನಮಗೆ. ಮಲ್ಲಿಗೆ ಮುಡಿಯೋದು ಗೊತ್ತು, ಅದರ ನೀರಲ್ಲಿ ಅನ್ನ ತಿಂದದ್ದು ಅದೇ ಮೊದಲು.

ಈಗ ಹಣ್ಣು. ನಾಮ್ ದೋಕ್ ಮಾಯ್ ಅಂತ ಮಾವು. ಉದ್ದಕ್ಕೆ, ತೆಳು ಹಳದಿ ಸಿಪ್ಪೆ, ನಾರೇ ಇಲ್ಲ. ಗಾಡಿಯಾಕೆ ಹಣ್ಣನ್ನು ಅಂಗೈಯಲ್ಲೇ ಹಿಡಿದು ಎರಡು ಕೆನ್ನೆ ಎತ್ತುತ್ತಾಳೆ. ಅಡ್ಡಕ್ಕೆ ಏಳೆಂಟು ಸಲ ಚಾಕು ಆಡಿಸಿ, ಚೂರುಗಳು ಕದಲದ ಹಾಗೆ ಅಂಟಕ್ಕಿ ಅನ್ನದ ಪಕ್ಕ ಕೂರಿಸುತ್ತಾಳೆ. ಮೇಲೆ ಉಪ್ಪು ಬೆರೆತ ತೆಂಗಿನ ಹಾಲು, ಹುರಿದ ಹೆಸರುಬೇಳೆ ಒಂದು ಚಿಟಿಕೆ. ರಸಾಯನ ತಿಂದು ಬೆಳೆದ ನಾಲಿಗೆಗೆ ಆ ಉಪ್ಪು ಮೊದಲು ಗಲಿಬಿಲಿ ಮಾಡುತ್ತದೆ. ಮೂರನೇ ಚಮಚದ ಹೊತ್ತಿಗೆ ಸರಿಹೋಗುತ್ತದೆ. ನಾನಂತೂ ದಿನಕ್ಕೆರಡು ಸಲ ತಿಂದೆ.

ಚತುಚಕ್ ಸಂತೆಯ ಪಕ್ಕದ ಓರ್ ತೋರ್ ಕೋರ್ ಮಾರುಕಟ್ಟೆಗೆ ಬೆಳಗ್ಗೆ ಹೋಗಿ. ಬೆಲೆ ಜಾಸ್ತಿ, ಹಣ್ಣು ಒಂದಕ್ಕಿಂತ ಒಂದು. ಮ್ಯಾಂಗೋಸ್ಟೀನ್ ಶುರುವಾಗಿರುತ್ತದೆ. ಅದು ನಮ್ಮ ಪುನರ್ಪುಳಿಯ ನೆಂಟ. ಸಿಪ್ಪೆಯ ಬಣ್ಣ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಅದಕ್ಕೇ ಕೆಲವು ಹೋಟೆಲುಗಳು ಒಳಗೆ ಬಿಡುವುದಿಲ್ಲ. ಘಾಟು ವಾಸನೆಯ ಡುರಿಯನ್ ಹಣ್ಣಂತೂ ಹೋಟೆಲಿಗೂ ಇಲ್ಲ, ರೈಲಿಗೂ ಇಲ್ಲ. ಹಲಸಿನ ಹಣ್ಣಿನ ಘಮ ಇಷ್ಟ ಇದ್ದವರು ಹೆದರಬೇಕಾಗಿಲ್ಲ. ಒಂದು ತೊಳೆ ಅಲ್ಲೇ ನಿಂತು ತಿಂದು ಕೈ ತೊಳೆದು ಬನ್ನಿ.

9. ಮಳೆ ಬಂದರೆ

ಬಂದೇ ಬರುತ್ತದೆ, ಒಂದೆರಡು ಸಲ. ಸಾಮಾನ್ಯವಾಗಿ ಮಧ್ಯಾಹ್ನ ಕಳೆದ ಮೇಲೆ. ಥಾ ತಿಯೆನ್ ಹತ್ತಿರ ನಾವು ಎಳನೀರು ಕುಡಿಯುತ್ತಿದ್ದೆವು. ಗಾಳಿ ಇದ್ದಕ್ಕಿದ್ದಂತೆ ತಣ್ಣಗಾಯಿತು. ಎಳನೀರಿನವಳು ಆಕಾಶ ನೋಡಲಿಲ್ಲ, ಮೂಗೆತ್ತಿ ಉಸಿರೆಳೆದುಕೊಂಡಳು ಅಷ್ಟೇ. "ಫೊನ್ ಮಾ ಲೇವ್" ಅಂದು ಪ್ಲಾಸ್ಟಿಕ್ ಹೊದಿಕೆ ಎಳೆದಳು. ಮಳೆ ಬಂತು ಅಂತ ಅರ್ಥ. ಐದು ನಿಮಿಷದಲ್ಲಿ ಎದುರು ದಡ ಕಾಣಲಿಲ್ಲ.

ಆಗ ಟ್ಯಾಕ್ಸಿ ಹುಡುಕಬೇಡಿ. ಸಿಗುವುದಿಲ್ಲ, ಸಿಕ್ಕರೂ ಕದಲುವುದಿಲ್ಲ. ಮೊಬೈಲ್ ಆ್ಯಪ್‌ಗಳಲ್ಲಿ ದರ ಏರುತ್ತದೆ. ಒಳ್ಳೆಯ ಸೂರು ನೋಡಿ ಕೂತು ಏನಾದರೂ ತಿನ್ನಿ. ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ನಿಲ್ಲುತ್ತದೆ. ಗಲ್ಲಿಯಲ್ಲಿ ನೀರು ನಿಂತಿದ್ದರೆ ಇಳಿಯಬೇಡಿ, ಚರಂಡಿ ಮುಚ್ಚಳ ಎಲ್ಲಿ ಕಿತ್ತಿದೆ, ವೈರು ಎಲ್ಲಿ ಬಿದ್ದಿದೆ ಗೊತ್ತಾಗುವುದಿಲ್ಲ. ಗುಡುಗು ಇರುವಾಗ ದೋಣಿ ಬೇಡ. ಮಳೆ ನಿಂತ ಮೇಲಿನ ಒಂದು ಗಂಟೆಯೇ ಇಡೀ ಪ್ರವಾಸದಲ್ಲಿ ತಂಪಾದ ಹೊತ್ತು. ಬೆವರಿಲ್ಲದೆ ನಡೆಯಲು ಸಿಗುವುದು ಆಗ ಮಾತ್ರ. ಹತ್ತಿರದಲ್ಲಿದ್ದರೆ ವಾಟ್ ಸಕೇತ್‌ನ ಚಿನ್ನದ ಗುಡ್ಡ ಹತ್ತಿ, ಮುನ್ನೂರು ಚಿಲ್ಲರೆ ಮೆಟ್ಟಿಲು. ಮೇಲೆ ಗಾಳಿ, ಗಂಟೆ ಸದ್ದು, ಕೆಳಗೆ ತೊಳೆದಿಟ್ಟ ಊರು.

10. ವಾಪಸ್ ಹೊರಡುವಾಗ

ಸಂಜೆಯ ವಿಮಾನವಾದರೆ ಮೋಡ ನೋಡಿ ಟ್ಯಾಕ್ಸಿ ಬಿಟ್ಟು ರೈಲು ಹಿಡಿಯಿರಿ. ಹಣ್ಣು ತರಬೇಕು ಅನ್ನುವ ಆಸೆ ಅಲ್ಲೇ ತಿಂದು ತೀರಿಸಿಕೊಳ್ಳಿ. ತಾಜಾ ಹಣ್ಣಿಗೆ ಇಲ್ಲಿ ಇಳಿದ ಮೇಲೆ ತಪಾಸಣೆಯ ತಕರಾರು ಇದ್ದದ್ದೇ. ಒಣ ಮಾವು, ಕೂಲಿಂಗ್ ಪೌಡರಿಗೆ ಏನೂ ತೊಂದರೆಯಿಲ್ಲ.

ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು ಒಳಗೆ ಬಂದರೆ ದೊಡ್ಡ ಶಿಲ್ಪವೊಂದಿದೆ, ಸಮುದ್ರ ಮಥನ. ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು, ನಡುವೆ ವಾಸುಕಿ, ಮಂದರ ಪರ್ವತದ ಮೇಲೆ ವಿಷ್ಣು. ಅದರ ಮುಂದೆ ಫೋಟೋಕ್ಕೆ ಸಾಲು ಇರುತ್ತದೆ, ಹತ್ತು ನಿಮಿಷ ಇಟ್ಟುಕೊಳ್ಳಿ. ಅಮ್ಮ ಹಾವಿನ ತಲೆಗಳನ್ನು ಎಣಿಸುತ್ತಿದ್ದರು, ನಮ್ಮ ವಿಮಾನಕ್ಕೆ ಕೊನೆಯ ಕರೆ ಬಂತು.